ಮೊಣಕೈ ಮುರಿತ: ಚೆನ್ನಾಗಿರುವ ಎಲುಬನ್ನೂ ಯಾಕೆ ಕೊಯ್ಯುತ್ತೇವೆ?

"ಮುರಿದಿದ್ದು ಕೂಡಸ್ರಿ ಅಂದ್ರ, ಛಲೋ ಇದ್ದ ಎಲುಬೂ ಕೊಯ್ತೀನಂತೀರಲ್ರಿ ಸಾಹೇಬ್ರ?" ಕಲಬುರಗಿಯ ನಮ್ಮ ಒಪಿಡಿಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ನ್ಯಾಯವಾದ ಪ್ರಶ್ನೆಯೇ.

ಬೈಕಿನಿಂದ ಬಿದ್ದು ಮೊಣಕೈಗೆ ಜೋರು ಪೆಟ್ಟಾದರೆ, ತೋಳಿನ ಎಲುಬಿನ ಕೆಳತುದಿ ಕೀಲಿನೊಳಗೇ ಸೀಳಿಬಿಡಬಹುದು. ಅದನ್ನು ಸರಿಯಾಗಿ ಕೂಡಿಸಲು ಸಾಮಾನ್ಯವಾಗಿ ಹಿಂದಿನಿಂದಲೇ ಹೋಗಬೇಕು. ಅಲ್ಲಿ ಅಡ್ಡ ಇರುವುದು ಟ್ರೈಸೆಪ್ಸ್ ಸ್ನಾಯು. ಅದು ಹಿಡಿದುಕೊಂಡಿರುವುದು ಒಲೆಕ್ರಾನನ್ ಅನ್ನು, ಅಂದರೆ ಟೇಬಲ್ ಮೇಲೆ ಮೊಣಕೈ ಊರಿದಾಗ ತಾಗುವ ಎಲುಬನ್ನು.

ಈ ಎಲುಬನ್ನು 'ವಿ' ಆಕಾರದಲ್ಲಿ ಕೊಯ್ದು ಸ್ನಾಯುವಿನ ಸಮೇತ ಮೇಲೆತ್ತಿದರೆ, ಡಬ್ಬಿಯ ಮುಚ್ಚಳ ತೆಗೆದಂತೆ ಕೀಲು ಕಾಣುತ್ತದೆ. ಗರಗಸವನ್ನು ಪೂರ್ತಿ ಓಡಿಸುವುದಿಲ್ಲ. ಕೊನೆಯ ಚೂರನ್ನು ಉಳಿಯಿಂದ ಬಿರುಕು ಬಿಡಿಸುತ್ತೇವೆ. ಆ ಒರಟು ಅಂಚುಗಳು ಆಮೇಲೆ ಒಂದಕ್ಕೊಂದು ಕಚ್ಚಿ ಕೂರುತ್ತವೆ. ಕೊನೆಗೆ ತಂತಿ ಇಲ್ಲವೇ ಪ್ಲೇಟ್ ಹಾಕಿ ಬಿಗಿಯುವುದು. ತೊಂದರೆ ಇಲ್ಲ ಅಂತಲ್ಲ: ಕೊಯ್ದ ಎಲುಬು ಕೆಲವೊಮ್ಮೆ ಕೂಡುವುದಿಲ್ಲ. ತಂತಿ ಚರ್ಮದಡಿ ಚುಚ್ಚಿ, ಅದನ್ನು ತೆಗೆಯಲು ಇನ್ನೊಂದು ಆಪರೇಷನ್ ಬೇಕಾಗುವುದೂ ಉಂಟು.

ಇನ್ನೊಂದು ದಾರಿಯಲ್ಲಿ ಟ್ರೈಸೆಪ್ಸ್ ಅನ್ನು ಕೊಯ್ಯದೆ, ಅದರ ಎರಡೂ ಪಕ್ಕದಿಂದ ಒಳಹೋಗುತ್ತೇವೆ. ಕೈ ಚಾಚುವ ಬಲ ಉಳಿಯುತ್ತದೆ, ಆದರೆ ಕೀಲು ಕಾಣುವುದು ಕಡಿಮೆ. ತುಂಡುಗಳು ದೊಡ್ಡದಾಗಿದ್ದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಸಾಲದಿದ್ದರೆ ಅಲ್ಲೇ ಒಲೆಕ್ರಾನನ್ ಕೊಯ್ಯುವ ದಾರಿಗೆ ಹೊರಳಬಹುದು. ಸ್ನಾಯುವನ್ನು ನಡುವೆ ಸೀಳುವ ಪದ್ಧತಿಯೂ ಇದೆ, ನನಗೇಕೋ ಅಷ್ಟು ಹಿಡಿಸಿಲ್ಲ. ಕೀಲಿನ ಮೈ ನುಚ್ಚುನೂರಾಗಿದ್ದರೆ ಮಾತ್ರ ಸಣ್ಣ ಗಾಯದ ಆಸೆ ಬಿಟ್ಟುಬಿಡಿ. ಕಾಣದ್ದನ್ನು ಕೂಡಿಸಲು ಬರುವುದಿಲ್ಲ, ಅಲ್ವಾ? ಸಿಟಿ ಸ್ಕ್ಯಾನ್ ಬರೆಯುವುದು ಸುಮ್ನೆ ಅಲ್ಲ, ಇದನ್ನು ಮೊದಲೇ ತಿಳಿಯಲಿಕ್ಕೆ.

ವಯಸ್ಸಾದವರ ಎಲುಬು ತೀರಾ ಮೆತ್ತಗಿದ್ದು ಕೃತಕ ಕೀಲು ಹಾಕಬೇಕಾಗಬಹುದು ಅನಿಸಿದರೆ ಒಲೆಕ್ರಾನನ್ ಮುಟ್ಟುವುದಿಲ್ಲ. ಆ ಕೀಲಿನ ಒಂದು ಭಾಗ ಕೂರುವುದು ಅದೇ ಎಲುಬಿನಲ್ಲಿ.

ಎಲ್ಲರೂ ಗಾಯದ ಉದ್ದ ಕೇಳುತ್ತಾರೆ, ಮೊಣಕೈಯ ಒಳಬದಿಯಲ್ಲಿ ಹಾದು ಬೆರಳುಗಳಿಗೆ ಹೋಗುವ ಅಲ್ನಾರ್ ನರದ ಬಗ್ಗೆ ಕೇಳುವವರು ಕಡಿಮೆ. ಯಾವ ದಾರಿ ಹಿಡಿದರೂ ಮೊದಲು ಅದನ್ನು ಹುಡುಕಿ ಕಾಪಾಡಬೇಕು. ಅದಕ್ಕೆ ಪೆಟ್ಟಾದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ.

ಪ್ಲೇಟ್ ಗಟ್ಟಿಯಾಗಿ ಕೂತಿದ್ದರೆ ಕೆಲವೇ ದಿನಗಳಲ್ಲಿ ಕೈ ಆಡಿಸಲು ಹೇಳುತ್ತೇವೆ. 30ರಿಂದ 130 ಡಿಗ್ರಿವರೆಗೆ (ಕೈ ಪೂರ್ತಿ ನೇರವಿದ್ದರೆ ಸೊನ್ನೆ) ಮಡಚಿ ಬಿಚ್ಚಲು ಬಂದರೆ ರೊಟ್ಟಿ ಮುರಿದು ತಿನ್ನುವುದು ಸೇರಿ ಮನೆಯ ಹೆಚ್ಚಿನ ಕೆಲಸ ನಡೆಯುತ್ತದೆ. ಊರಿಗೆ ಹೋಗಿ ಎಣ್ಣೆ ತಿಕ್ಕಿಸಿ ಜಗ್ಗಿಸಬೇಡಿ. ಕೀಲಿನ ಸುತ್ತ ಬೇಡದ ಎಲುಬು ಬೆಳೆದು ಕೈ ಇನ್ನೂ ಜಾಸ್ತಿ ಬಿಗಿದುಕೊಳ್ಳಬಹುದು.