ನೂರು ಮೈಲಿಯೊಳಗಿನ ಅಂಗಡಿಗೆಂದು ಮಾಡಿದ ನಿಯಮ

ಆನ್‌ಲೈನ್‌ನಲ್ಲಿ ಒಬ್ಬರೇ ಕೂತು ನಡೆಸುವ ಒಂದು ಸಣ್ಣ ಅಂಗಡಿ. ಅಲ್ಲಿಗೆ 20 ಡಾಲರ್‌ನ ಒಂದು ಆರ್ಡರ್ ಬಂತು ಅಂದುಕೊಳ್ಳಿ. ಸಾಮಾನಿಗೆ 9 ಡಾಲರ್, ಕೊರಿಯರ್‌ಗೆ 5. ಕಾರ್ಡ್ ಪಾವತಿ ನೋಡಿಕೊಳ್ಳುವ ಕಂಪನಿ 2.9 ಪರ್ಸೆಂಟ್ ಜತೆಗೆ 30 ಸೆಂಟ್ ಮುರಿದುಕೊಂಡರೆ 88 ಸೆಂಟ್ ಹೋಯಿತು. ಕೈಗೆ ಸಿಗುವುದು 5 ಡಾಲರ್ 12 ಸೆಂಟ್. ಪರವಾಗಿಲ್ಲ ಅನ್ನುವಂಥ ಲಾಭ.

ಎರಡು ತಿಂಗಳಾದ ಮೇಲೆ ಒಂದು ಮೇಲ್ ಬರುತ್ತದೆ. ಕಾರ್ಡ್ ಯಾರದೋ ಆ ಗ್ರಾಹಕರು ಈ ಪಾವತಿಯನ್ನು ಒಪ್ಪುತ್ತಿಲ್ಲವಂತೆ. ಅದನ್ನು ಓದುವಷ್ಟರಲ್ಲೇ ಖಾತೆಯಿಂದ 20 ಡಾಲರ್ ಹೋಗಿರುತ್ತದೆ, ಮೇಲೆ 15 ಡಾಲರ್ ಶುಲ್ಕ. ಸಾಮಾನು ಹೋಯಿತು, ಕೊರಿಯರ್ ದುಡ್ಡು ಹೋಯಿತು, ಆ 88 ಸೆಂಟೂ ವಾಪಸ್ ಬರಲಿಲ್ಲ. ಕೂಡಿ ನೋಡಿದರೆ ನಷ್ಟ 29 ಡಾಲರ್ 88 ಸೆಂಟ್. ಇದನ್ನು ತುಂಬಿಕೊಳ್ಳಲು ಇಂಥದ್ದೇ ಆರು ಆರ್ಡರ್ ಯಾವ ತಕರಾರೂ ಇಲ್ಲದೆ ಸಾಗಬೇಕು.

ಇದೇ ಚಾರ್ಜ್‌ಬ್ಯಾಕ್. ರೀಫಂಡ್ ಅಂದರೆ ಅಂಗಡಿಯವರು ತಾವಾಗಿ ಕೊಡುವುದು. ಚಾರ್ಜ್‌ಬ್ಯಾಕ್ ಅಂದರೆ ಗ್ರಾಹಕರ ಬ್ಯಾಂಕ್ ಎಳೆದುಕೊಳ್ಳುವುದು. ಮೊದಲು ದುಡ್ಡು ಹೋಗುತ್ತದೆ, ವಿಚಾರಣೆ ಆಮೇಲೆ. ಇಷ್ಟು ಏಕಪಕ್ಷೀಯವಾದ ವ್ಯವಸ್ಥೆಯನ್ನು ಯಾರು, ಯಾಕೆ ಮಾಡಿದರು? ಸಣ್ಣವರನ್ನು ತುಳಿಯಲು ಅಂತೂ ಅಲ್ಲ. ಆಗ ತುಳಿತಕ್ಕೆ ಸಿಕ್ಕಿದ್ದವರು ಗ್ರಾಹಕರು.

ಕತೆ ಶುರುವಾಗುವುದು 1958ರ ಸೆಪ್ಟೆಂಬರ್‌ನಲ್ಲಿ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನ ಸುಮಾರು 60 ಸಾವಿರ ಜನರ ಮನೆಗೆ ಬ್ಯಾಂಕ್ ಆಫ್ ಅಮೆರಿಕ ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಕಳಿಸಿತು. ಯಾರೂ ಕೇಳಿರಲಿಲ್ಲ, ಅರ್ಜಿ ಹಾಕಿರಲಿಲ್ಲ. ಸುಮ್ನೆ ಬಂತು. ಮುಂದೆ ವೀಸಾ ಅಂತ ಹೆಸರಾದ ಬ್ಯಾಂಕ್‌ಅಮೆರಿಕಾರ್ಡ್ ಹುಟ್ಟಿದ್ದು ಹೀಗೆ. ಬಾಕಿ ಕಟ್ಟದವರು ಹೆಚ್ಚೆಂದರೆ 4 ಪರ್ಸೆಂಟ್ ಇರಬಹುದು ಅಂತ ಬ್ಯಾಂಕ್ ಲೆಕ್ಕ ಹಾಕಿತ್ತು. ಆದದ್ದು 22. ಅಂಚೆಪೆಟ್ಟಿಗೆಯಿಂದ ಕಾರ್ಡ್ ಕದ್ದವರೂ ಕಮ್ಮಿ ಇರಲಿಲ್ಲ.

ಆದರೂ ಬೇರೆ ಬ್ಯಾಂಕುಗಳು ಇದೇ ದಾರಿ ಹಿಡಿದವು. ಕೇಳದೇ ಬಂದ ಕಾರ್ಡು ಕಳುವಾಗಿ, ಯಾರೋ ಉಜ್ಜಿದ ಬಿಲ್ಲು ಇನ್ಯಾರದೋ ಮನೆಗೆ ಬರತೊಡಗಿತು. ಕೊನೆಗೆ 1970ರಲ್ಲಿ ಅಮೆರಿಕದ ಸಂಸತ್ತು ಕೇಳದವರಿಗೆ ಕಾರ್ಡ್ ಕಳಿಸುವುದನ್ನು ನಿಲ್ಲಿಸಿತು. ಕಳುವಾದ ಕಾರ್ಡಿಗೆ ಗ್ರಾಹಕರ ಹೊಣೆ 50 ಡಾಲರ್ ಮೀರಬಾರದು ಅಂತಲೂ ಹೇಳಿತು. 1974ರಲ್ಲಿ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್ ಬಂತು. ಬಿಲ್ಲಿನಲ್ಲಿ ತಪ್ಪಿದೆ ಅಂತ 60 ದಿನದೊಳಗೆ ಬರೆದು ತಿಳಿಸಿದರೆ ಬ್ಯಾಂಕ್ ವಿಚಾರಿಸಲೇಬೇಕು, ಅಲ್ಲಿಯವರೆಗೆ ಆ ಮೊತ್ತವನ್ನು ಗ್ರಾಹಕರು ಕಟ್ಟಬೇಕಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್ ಬಂತು. ಅದರ 75ನೇ ಸೆಕ್ಷನ್ ಪ್ರಕಾರ ಅಂಗಡಿ ಮೋಸ ಮಾಡಿದರೆ ಸಾಲ ಕೊಟ್ಟ ಬ್ಯಾಂಕೂ ಜತೆಗೆ ಹೊಣೆ.

ಅಮೆರಿಕದ ಆ ಕಾನೂನಿನಲ್ಲಿ ಒಂದು ಸಣ್ಣ ಷರತ್ತು ಇದೆ. ನನಗೆ ಅದೇ ಎಲ್ಲಕ್ಕಿಂತ ಕುತೂಹಲದ್ದು. ಸಾಮಾನು ಸರಿಯಿಲ್ಲ ಅನ್ನುವ ಜಗಳವನ್ನು ಬ್ಯಾಂಕಿನ ಮೇಲೆ ಹಾಕಬೇಕಾದರೆ ಬೆಲೆ 50 ಡಾಲರ್‌ಗಿಂತ ಜಾಸ್ತಿ ಇರಬೇಕು. ವ್ಯಾಪಾರ ಗ್ರಾಹಕರ ರಾಜ್ಯದಲ್ಲೇ, ಇಲ್ಲವೇ ಅವರ ಮನೆಯಿಂದ 100 ಮೈಲಿಯೊಳಗೆ ನಡೆದಿರಬೇಕು. ಜತೆಗೆ ಗ್ರಾಹಕರು ಮೊದಲು ಅಂಗಡಿಯವರ ಹತ್ತಿರವೇ ಬಗೆಹರಿಸಿಕೊಳ್ಳಲು ಪ್ರಯತ್ನಪಟ್ಟಿರಬೇಕು. ಕಾನೂನು ಬರೆದವರ ಕಣ್ಣ ಮುಂದೆ ಇದ್ದದ್ದು ಒಂದು ಕಟ್ಟಡ, ಒಂದು ಬಾಗಿಲು, ಗಲ್ಲಾಪೆಟ್ಟಿಗೆ. ಹೋಗಿ ಕೇಳಬಹುದಾದ ಅಂಗಡಿ.

ಕಾರ್ಡ್ ಕಂಪನಿಗಳು ಈ ಕಾನೂನಿನ ಜತೆಗೆ ತಮ್ಮದೇ ನಿಯಮ ಬೆಳೆಸಿಕೊಂಡವು. ಅವುಗಳಲ್ಲಿ ಮೈಲಿಯ ಮಿತಿ ಇಲ್ಲ. ತಕರಾರು ಎತ್ತಲು ಬಹಳಷ್ಟು ಪ್ರಕರಣಗಳಲ್ಲಿ 120 ದಿನ ಸಮಯ ಉಂಟು. ಹೊಣೆ ಇಳಿದು ಬರುವ ಮೆಟ್ಟಿಲೂ ಆಗಲೇ ತಯಾರಾಯಿತು. ಗ್ರಾಹಕರ ಬ್ಯಾಂಕ್ ಅಂಗಡಿಯ ಬ್ಯಾಂಕಿನಿಂದ ದುಡ್ಡು ಎಳೆಯುತ್ತದೆ. ಅಂಗಡಿಯ ಬ್ಯಾಂಕ್ ಅಂಗಡಿಯವರಿಂದ ಎಳೆಯುತ್ತದೆ. ಅದರ ಕೆಳಗೆ ಇನ್ನೊಂದು ಮೆಟ್ಟಿಲಿಲ್ಲ.

ಎದುರಿಗೆ ನಿಂತು ಕಾರ್ಡ್ ಕೊಟ್ಟು ಸಹಿ ಹಾಕುತ್ತಿದ್ದ ಕಾಲದಲ್ಲಿ ಇದು ಅಷ್ಟು ಭಾರ ಅನ್ನಿಸಲಿಲ್ಲ. ಸಹಿ ಇದ್ದರೆ ಕಳುವಿನ ನಷ್ಟ ಹೆಚ್ಚಾಗಿ ಬ್ಯಾಂಕಿನದೇ ಆಗುತ್ತಿತ್ತು. ಇಂಟರ್ನೆಟ್ ವ್ಯಾಪಾರದಲ್ಲಿ ಕಾರ್ಡೂ ಕಾಣುವುದಿಲ್ಲ, ಕೊಳ್ಳುವವರೂ ಕಾಣುವುದಿಲ್ಲ. ಹಾಗಾಗಿ ಕದ್ದ ಕಾರ್ಡಿನ ನಷ್ಟ ಮಾರಿದವರ ತಲೆಗೇ. ಬ್ಯಾಂಕ್ 'ಸರಿ' ಅಂತ ಒಪ್ಪಿಗೆ ಕೊಟ್ಟಿದ್ದರೂ ಅಷ್ಟೇ. ಆ ಒಪ್ಪಿಗೆಯ ಅರ್ಥ ಕಾರ್ಡ್ ಚಾಲ್ತಿಯಲ್ಲಿದೆ, ಅದರಲ್ಲಿ ಅಷ್ಟು ಖರ್ಚಿಗೆ ಅವಕಾಶ ಇದೆ ಅಂತ ಮಾತ್ರ, ಕೊಳ್ಳುತ್ತಿರುವವರು ಅಸಲಿ ಅಂತ ಅಲ್ಲ. ಹೊಸದಾಗಿ ಅಂಗಡಿ ತೆರೆದವರು ಮೊದಲು ಎಡವುವುದೇ ಇಲ್ಲಿ.

2001ರಲ್ಲಿ ವೀಸಾ ಒಂದು ಪರಿಹಾರ ತಂದಿತು. ಕೊಳ್ಳುವಾಗ ಇನ್ನೊಂದು ಪುಟ ತೆರೆದು ಪಾಸ್‌ವರ್ಡ್ ಕೇಳುವ ತ್ರೀ-ಡಿ ಸೆಕ್ಯೂರ್. ಅದನ್ನು ದಾಟಿ ಬಂದ ಪಾವತಿ ಮುಂದೆ ಕಳುವಿನದು ಅಂತ ಗೊತ್ತಾದರೆ ಹೊಣೆ ಸಾಮಾನ್ಯವಾಗಿ ಗ್ರಾಹಕರ ಬ್ಯಾಂಕಿಗೆ. ಆದರೆ ಆ ಪುಟ ಕಂಡೊಡನೆ ಖರೀದಿಯನ್ನೇ ಬಿಟ್ಟು ಹೋಗುವವರಿದ್ದರು. ಹಾಗಾಗಿ ಕಡ್ಡಾಯವಿಲ್ಲದ ಕಡೆ ಅನೇಕ ಅಂಗಡಿಗಳು ಅದನ್ನು ಹಾಕಿಸಲೇ ಇಲ್ಲ. ಅಮೆರಿಕದಲ್ಲಿ 2015ರ ಅಕ್ಟೋಬರ್‌ನಿಂದ, ಚಿಪ್ ಕಾರ್ಡ್ ಓದುವ ಯಂತ್ರ ಇಲ್ಲದ ಅಂಗಡಿಗೇ ನಕಲಿ ಕಾರ್ಡಿನ ಹೊಣೆ ಬಂತು. ಅಂಗಡಿಗಳು ಒಂದೊಂದಾಗಿ ಚಿಪ್ಪಿಗೆ ಬದಲಾದವು. ನಕಲಿ ಕಾರ್ಡ್ ಮಾಡುವುದು ಕಷ್ಟವಾದ ಮೇಲೆ ಕಳ್ಳರು ಆನ್‌ಲೈನ್ ಕಡೆ ತಿರುಗಿದರು. ಅಲ್ಲಿ ಚಿಪ್ಪಿನ ಕೆಲಸವೇ ಇಲ್ಲವಲ್ಲ.

ಇಷ್ಟೆಲ್ಲ ಕಳ್ಳರ ಮಾತಾಯಿತು. ಸಣ್ಣ ಮಾರಾಟಗಾರರು ಜಾಸ್ತಿ ಗೊಣಗುವುದು ಕಳ್ಳರ ಬಗ್ಗೆ ಅಲ್ಲ. ಸಾಮಾನು ತಲುಪಿದೆ, ಬಳಸಿಯೂ ಆಗಿದೆ, ಆದರೂ "ನಾನು ಕೊಂಡೇ ಇಲ್ಲ" ಅನ್ನುವ ಗ್ರಾಹಕರ ಬಗ್ಗೆ. ಈ ವ್ಯವಹಾರದಲ್ಲಿ ಅದನ್ನು ಫ್ರೆಂಡ್ಲಿ ಫ್ರಾಡ್ ಅನ್ನುತ್ತಾರೆ. ಎಂಥ ಹೆಸರು ಅಲ್ವಾ? ಕೆಲವರು ಬೇಕೆಂದೇ ಮಾಡುತ್ತಾರೆ. ಕೆಲವರಿಗೆ ನಿಜವಾಗಿಯೂ ನೆನಪಿರುವುದಿಲ್ಲ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರಿಗೆ ಸಿಗುವ ಜಾಗ ಇಪ್ಪತ್ತೆರಡು ಅಕ್ಷರದಷ್ಟು. ಅಂಗಡಿಗೆ ಒಂದು ಹೆಸರು, ನೋಂದಣಿಯಾದ ಸಂಸ್ಥೆಗೆ ಇನ್ನೊಂದು. ಸ್ಟೇಟ್‌ಮೆಂಟಿನಲ್ಲಿ ಎರಡನೆಯದು ಅರ್ಧಕ್ಕೆ ತುಂಡಾಗಿ ನಿಂತಿರುತ್ತದೆ. ನಾನೇ ಒಮ್ಮೆ ಅಂಥ ಸಾಲು ನೋಡಿ ಬ್ಯಾಂಕಿಗೆ ಫೋನ್ ಮಾಡಲು ಕೈ ಹಾಕಿದ್ದೆ. ಆಮೇಲೆ ಹಳೇ ಮೇಲ್ ಹುಡುಕಿದರೆ ನಾನೇ ವರ್ಷಕ್ಕೆ ಕಟ್ಟುವ ಒಂದು ಚಂದಾ. ಫೋನ್ ಮಾಡಿದ್ದರೆ ಎಲ್ಲೋ ಕೂತ ಯಾರಿಗೋ 15 ಡಾಲರ್ ಬರೆ ಬೀಳುತ್ತಿತ್ತು.

ಆ ಶುಲ್ಕದ ಕಿರಿಕಿರಿ ಇರುವುದು ಅದು ಮೊತ್ತ ನೋಡುವುದಿಲ್ಲ ಅನ್ನುವುದರಲ್ಲಿ. ಅಮೆರಿಕದಲ್ಲಿ ಸ್ಟ್ರೈಪ್ ಅನ್ನುವ ಪಾವತಿ ಕಂಪನಿ ಪ್ರತಿ ತಕರಾರಿಗೆ 15 ಡಾಲರ್ ಹಾಕುತ್ತದೆ, ಪೇಪಾಲ್ ಚಾರ್ಜ್‌ಬ್ಯಾಕಿಗೆ 20. ಸಾವಿರ ಡಾಲರ್‌ನ ಕ್ಯಾಮೆರಾಕ್ಕೂ ಅಷ್ಟೇ, ಐದು ಡಾಲರ್‌ನ ಸ್ಟಿಕರ್‌ಗೂ ಅಷ್ಟೇ. ಕದ್ದ ಕಾರ್ಡ್ ಚಾಲ್ತಿಯಲ್ಲಿದೆಯೇ ಅಂತ ನೋಡಲು ಕಳ್ಳರು ಆರಿಸುವುದೂ ಇಂಥ ಸಣ್ಣ ಬೆಲೆಯ ಸಾಮಾನನ್ನೇ. ಒಂದೇ ರಾತ್ರಿ ಸಣ್ಣ ಅಂಗಡಿಯಲ್ಲಿ ಐವತ್ತು ಕಾರ್ಡ್ ಉಜ್ಜಿ ನೋಡಿ ಹೋಗಿಬಿಡುತ್ತಾರೆ.

ಶುಲ್ಕಕ್ಕಿಂತ ಹೆದರಿಸುವುದು ಅನುಪಾತ. ವೀಸಾದ ಮೊದಲಿನ ನಿಯಮದಲ್ಲಿ ತಿಂಗಳಿಗೆ 100 ತಕರಾರು ಮತ್ತು ಒಟ್ಟು ವ್ಯವಹಾರಗಳ 0.9 ಪರ್ಸೆಂಟ್ ಮುಟ್ಟಿದ ಅಂಗಡಿ ನಿಗಾದಲ್ಲಿ ಬೀಳುತ್ತಿತ್ತು. ಸಣ್ಣವರಿಗೆ ನೂರು ಎಲ್ಲಿಂದ ಬರಬೇಕು? ಆದರೆ ಪಾವತಿ ಕಂಪನಿಗಳು ಅಷ್ಟರವರೆಗೆ ಕಾಯುವುದಿಲ್ಲ. ತಿಂಗಳಿಗೆ 200 ಆರ್ಡರ್ ಇರುವವರಿಗೆ ಮೂರು ತಕರಾರು ಬಂದರೆ 1.5 ಪರ್ಸೆಂಟ್. ಎರಡು ಲಕ್ಷ ಆರ್ಡರ್ ಇರುವವರಿಗೆ ಆ ಮೂರು ಕಣ್ಣಿಗೇ ಬೀಳುವುದಿಲ್ಲ. ಅನುಪಾತ ಏರಿದರೆ ಗಳಿಕೆಯ ಒಂದು ಪಾಲನ್ನು ತಿಂಗಳುಗಟ್ಟಲೆ ಹಿಡಿದಿಡುತ್ತಾರೆ, ಇಲ್ಲವೇ ಖಾತೆಯನ್ನೇ ಮುಚ್ಚುತ್ತಾರೆ. ಹಾಗೆ ಮುಚ್ಚಿದವರ ಹೆಸರು ಮಾಸ್ಟರ್‌ಕಾರ್ಡ್ ಇಟ್ಟಿರುವ 'ಮ್ಯಾಚ್' ಪಟ್ಟಿಗೆ ಹೋಗಬಹುದು. ಹೋದರೆ ಅಲ್ಲಿ ಐದು ವರ್ಷ. ಅಷ್ಟು ದಿನ ಇನ್ನೊಂದು ಕಂಪನಿ ಖಾತೆ ಕೊಡುವುದು ಕಷ್ಟ.

ಜಗಳ ಆಡಲು ದಾರಿ ಇಲ್ಲ ಅಂತಲ್ಲ. ರಸೀದಿ, ಗ್ರಾಹಕರ ಜತೆಗಿನ ಮೇಲ್, ಟ್ರ್ಯಾಕಿಂಗ್ ನಂಬರ್, ತಲುಪಿದ ಪುರಾವೆ ಎಲ್ಲ ಸೇರಿಸಿ ಕೊಟ್ಟ ಗಡುವಿನೊಳಗೆ ಕಳಿಸಬೇಕು. ಒಬ್ಬರೇ ಪ್ಯಾಕ್ ಮಾಡಿ, ಒಬ್ಬರೇ ಲೆಕ್ಕ ಬರೆಯುವವರಿಗೆ ಅದು ಅರ್ಧ ದಿನದ ಕೆಲಸ. ಗೆದ್ದರೂ ಶುಲ್ಕ ಎಷ್ಟೋ ಕಡೆ ವಾಪಸ್ ಬರುವುದಿಲ್ಲ. ತೀರ್ಪು ಹೇಳುವುದು ಮೊದಲಿಗೆ ಗ್ರಾಹಕರ ಬ್ಯಾಂಕೇ. ಅದಕ್ಕಿಂತ ಮೇಲೆ ಹೋದರೆ ಸೋತವರು ನೂರಾರು ಡಾಲರ್ ಕಟ್ಟಬೇಕು. 20 ಡಾಲರ್‌ಗಾಗಿ ಯಾರು ಹೋಗುತ್ತಾರೆ?

2023ರ ಏಪ್ರಿಲ್‌ನಲ್ಲಿ ವೀಸಾ ಸ್ವಲ್ಪ ಬಾಗಿತು. ಅದೇ ಗ್ರಾಹಕರು ಮೊದಲು ತಕರಾರಿಲ್ಲದೆ ಎರಡು ಸಲ ಕೊಂಡಿದ್ದು, ಐಪಿ ವಿಳಾಸವೋ (ಇಂಟರ್ನೆಟ್ ಸಂಪರ್ಕದ ಗುರುತು) ಸಾಧನದ ಗುರುತೋ ಸೇರಿದಂತೆ ಕನಿಷ್ಠ ಎರಡು ವಿವರ ತಾಳೆಯಾದರೆ "ನಾನು ಕೊಂಡಿಲ್ಲ" ಅನ್ನುವ ತಕರಾರು ಬಿದ್ದುಹೋಗುತ್ತದೆ. ಒಳ್ಳೆಯದೇ. ಆದರೆ ಆ ಹಿಂದಿನ ಖರೀದಿಗಳು 120 ದಿನಕ್ಕಿಂತ ಹಳೆಯದಾಗಿರಬೇಕು. ಮೊದಲ ಸಲ ಬಂದವರಿಗೇ ಮಾರುವ ಅಂಗಡಿಗೆ ಇದರಿಂದ ಏನೂ ಇಲ್ಲ.

ಈ ನಡುವೆ ಇನ್ನೊಂದು ವ್ಯಾಪಾರ ಬೆಳೆದಿದೆ. ತಕರಾರು ಚಾರ್ಜ್‌ಬ್ಯಾಕ್ ಆಗುವ ಮೊದಲೇ ಮಾರಾಟಗಾರರಿಗೆ ಸುಳಿವು ಕೊಡುವ ಸೇವೆ. ವೆರಿಫೈ ಮತ್ತು ಎಥೋಕಾ ಅದರಲ್ಲಿ ಹೆಸರು ಮಾಡಿದ ಕಂಪನಿಗಳು. 2019ರಲ್ಲಿ ಮೊದಲನೆಯದನ್ನು ವೀಸಾ ಕೊಂಡಿತು, ಎರಡನೆಯದನ್ನು ಮಾಸ್ಟರ್‌ಕಾರ್ಡ್. ತಕರಾರಿನ ನಿಯಮ ಬರೆಯುವವರೇ ಈಗ ತಕರಾರು ತಪ್ಪಿಸುವ ಸುಳಿವನ್ನೂ ಮಾರುತ್ತಾರೆ. ಒಂದೊಂದು ಸುಳಿವಿಗೂ ದುಡ್ಡು. ಸುಳಿವು ಬಂದ ಕೂಡಲೇ ಮಾರಾಟಗಾರರು ಪಾರ್ಸೆಲ್ ತಲುಪಿತ್ತೇ, ಗ್ರಾಹಕರು ಹೇಳುವುದು ನಿಜವೇ ಅಂತ ನೋಡಲು ಹೋಗುವುದಿಲ್ಲ. 20 ಡಾಲರ್ ವಾಪಸ್ ಹಾಕಿ ಮುಂದಿನ ಆರ್ಡರ್ ಪ್ಯಾಕ್ ಮಾಡುತ್ತಾರೆ.