ಟೈಲರ್ ಸ್ಕ್ಯಾಗ್ಸ್ ಸಾವಿನ ವರದಿ: ಮೂರು ಅಂಕಿಗಳನ್ನು ಒಟ್ಟಿಗೆ ಓದುವುದು ಹೇಗೆ

ವಿಷಶಾಸ್ತ್ರದ ಪಠ್ಯದಲ್ಲಿ ‘ಮಿಶ್ರ ಮಾದಕಗಳಿಂದ ಸಾವು’ ಅನ್ನುವ ಭಾಗ ಒಂದೂವರೆ ಪುಟದಲ್ಲಿ ಮುಗಿದುಹೋಗುತ್ತದೆ. ಓದುವಾಗ ಎಲ್ಲ ಅರ್ಥವಾದಂತೆ ಇರುತ್ತದೆ. ಒಂದು ನಿಜವಾದ ವರದಿ ಕೈಗೆ ಬಂದಾಗ ಮಾತ್ರ ಯಾವ ಸಾಲಿಂದ ಶುರು ಮಾಡಬೇಕು ಅನ್ನುವುದೇ ತೋಚುವುದಿಲ್ಲ. ಹಾಗಾಗಿ ಈ ಟಿಪ್ಪಣಿಯನ್ನು ಒಬ್ಬ ಆಟಗಾರನ ವರದಿಯ ಸುತ್ತ ಬರೆದುಕೊಂಡಿದ್ದೇನೆ. ಇದು ಬಹಿರಂಗ ದಾಖಲೆ, ಅಂಕಿಗಳು ಸ್ಪಷ್ಟವಾಗಿವೆ, ಮುಂದೆ ನ್ಯಾಯಾಲಯದಲ್ಲೂ ಚರ್ಚೆಯಾದವು. ಅಂಕಿಗಳ ಹಿಂದೆ ಇರುವುದು ಒಬ್ಬ ಹುಡುಗನ ಸಾವು ಅನ್ನುವುದನ್ನು ಮರೆಯದೆ ಓದೋಣ.

2019ರ ಜುಲೈ 1. ಲಾಸ್ ಏಂಜಲಿಸ್ ಏಂಜಲ್ಸ್ ಬೇಸ್‌ಬಾಲ್ ತಂಡ ಟೆಕ್ಸಸ್ ರೇಂಜರ್ಸ್ ವಿರುದ್ಧದ ಸರಣಿಗಾಗಿ ಅಮೆರಿಕದ ಟೆಕ್ಸಸ್‌ಗೆ ಬಂದಿತ್ತು. ತಂಡ ಉಳಿದುಕೊಂಡಿದ್ದ ಸೌತ್‌ಲೇಕ್‌ನ ಹೋಟೆಲ್ ಕೋಣೆಯಲ್ಲಿ ಎಡಗೈ ಪಿಚರ್ ಟೈಲರ್ ಸ್ಕ್ಯಾಗ್ಸ್ ಶವವಾಗಿ ಸಿಕ್ಕರು. ಎರಡು ದಿನದ ಹಿಂದಷ್ಟೇ ಪಂದ್ಯದಲ್ಲಿ ಚೆಂಡೆಸೆದಿದ್ದರು. 28 ತುಂಬಲು ಹನ್ನೆರಡು ದಿನ ಬಾಕಿ ಇತ್ತು.

ಟ್ಯಾರಂಟ್ ಕೌಂಟಿಯ ವೈದ್ಯಕೀಯ ಪರೀಕ್ಷಕರ ವರದಿ ಹೊರಬಂದದ್ದು ಆಗಸ್ಟ್ ಕೊನೆಗೆ. ಸಾವಿನ ಕಾರಣದ ಸಾಲಿನ ಸಾರ ಇಷ್ಟು: ಮದ್ಯ, ಫೆಂಟನಿಲ್ ಮತ್ತು ಆಕ್ಸಿಕೋಡೋನ್ (ಈ ಕೊನೆಯ ಎರಡೂ ಒಪಿಯಾಯ್ಡ್‌ಗಳು, ಅಂದರೆ ಅಫೀಮಿನ ಬಗೆಯ ನೋವುನಿವಾರಕಗಳು) ಸೇರಿದ ನಂಜು, ಕೊನೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿದದ್ದು. ಸಾವಿನ ಬಗೆ: ಆಕಸ್ಮಿಕ. ಕಾರಣ ಬೇರೆ, ಬಗೆ ಬೇರೆ. ದೇಹ ಯಾವುದರಿಂದ ನಿಂತಿತು ಅನ್ನುವುದು ಕಾರಣ. ಅದು ಕೊಲೆಯೋ, ಆತ್ಮಹತ್ಯೆಯೋ, ಸಹಜವೋ, ಆಕಸ್ಮಿಕವೋ ಅನ್ನುವುದು ಬಗೆ. ಪರೀಕ್ಷೆಯಲ್ಲಿ ಇವೆರಡನ್ನು ಅದಲು ಬದಲು ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ರಕ್ತದಲ್ಲಿ ಸಿಕ್ಕ ಪ್ರಮಾಣಗಳು: ಮದ್ಯ ಡೆಸಿಲೀಟರ್‌ಗೆ 122 ಮಿಲಿಗ್ರಾಂ. ಆಕ್ಸಿಕೋಡೋನ್ ಮಿಲಿಲೀಟರ್‌ಗೆ 38 ನ್ಯಾನೋಗ್ರಾಂ. ಫೆಂಟನಿಲ್ ಮಿಲಿಲೀಟರ್‌ಗೆ 3.8 ನ್ಯಾನೋಗ್ರಾಂ.

ಇಲ್ಲಿ ಸ್ವಲ್ಪ ನಿಲ್ಲಿ. ಮೊದಲ ಸಲ ನೋಡಿದವರ ಕಣ್ಣು 122ರ ಮೇಲೆ ಬೀಳುತ್ತದೆ, ಆಮೇಲೆ 38ರ ಮೇಲೆ. 3.8 ಏನೋ ಚಿಲ್ಲರೆ ಅನ್ನಿಸುತ್ತದೆ. ಅಳತೆಯ ಘಟಕಗಳನ್ನು ಒಂದೇ ಮಾಡಿ ನೋಡಿ. 122 ಮಿಲಿಗ್ರಾಂ ಅಂದರೆ ಮಿಲಿಲೀಟರ್‌ಗೆ 12,20,000 ನ್ಯಾನೋಗ್ರಾಂ. ಫೆಂಟನಿಲ್‌ಗಿಂತ ಮದ್ಯ ಮೂರು ಲಕ್ಷ ಪಟ್ಟಿಗೂ ಹೆಚ್ಚು! ಆದರೂ ಈ ಮೂರರಲ್ಲಿ ಎಲ್ಲಕ್ಕಿಂತ ಭಯಪಡಬೇಕಾದ ಅಂಕಿ ಆ 3.8. ತೂಕಕ್ಕೆ ತೂಕ ಹೋಲಿಸಿದರೆ ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣ. ನೋವು ತಗ್ಗಿಸಲು ರಕ್ತದ ಮಿಲಿಲೀಟರ್‌ಗೆ 1ರಿಂದ 2 ನ್ಯಾನೋಗ್ರಾಂ ಸಾಕು. ಒಪಿಯಾಯ್ಡ್ ಅಭ್ಯಾಸವಿಲ್ಲದ ದೇಹದಲ್ಲಿ 2 ದಾಟಿತು ಅಂದರೆ ಉಸಿರಾಟ ಕುಗ್ಗತೊಡಗುತ್ತದೆ. 38ರಷ್ಟು ಆಕ್ಸಿಕೋಡೋನ್ ಮಾತ್ರ ವೈದ್ಯರ ಚೀಟಿಯ ಮೇಲೆ ಅದೇ ಮಾತ್ರೆ ತೆಗೆದುಕೊಂಡು ಓಡಾಡುವ ರೋಗಿಗಳಲ್ಲೂ ಸಿಗುವಂಥದ್ದು. ಮದ್ಯದ 122 ಅಂದರೆ ಶೇಕಡಾ 0.122. ಟೆಕ್ಸಸ್‌ನಲ್ಲಿ ವಾಹನ ಓಡಿಸಲು ಇರುವ ಮಿತಿ 0.08. ಕುಡಿದಿದ್ದರು ನಿಜ, ಆದರೆ ಬರೀ ಇಷ್ಟೇ ಮದ್ಯದಿಂದ ಆರೋಗ್ಯವಂತ ಯುವಕ ಸಾಯುವುದಿಲ್ಲ.

ಮದ್ಯದ ಅಂಕಿಯನ್ನು ಹಾಗೇ ನಂಬಲೂ ಆಗದು. ಸತ್ತ ಮೇಲೆ ಸೂಕ್ಷ್ಮಾಣುಗಳು ದೇಹದೊಳಗೇ ಮದ್ಯ ಹುಟ್ಟಿಸಬಲ್ಲವು. ಅದಕ್ಕೇ ಕಣ್ಣುಗುಡ್ಡೆಯ ಒಳದ್ರವವನ್ನೂ ಪರೀಕ್ಷಿಸುವುದು, ಅಲ್ಲಿಗೆ ಸೂಕ್ಷ್ಮಾಣುಗಳು ಬೇಗ ತಲುಪುವುದಿಲ್ಲ. ಔಷಧಗಳದ್ದು ಇನ್ನೊಂದು ತಕರಾರು: ಸತ್ತ ಮೇಲೆ ಅವು ಅಂಗಾಂಶಗಳಿಂದ ರಕ್ತಕ್ಕೆ ಮರಳಿ ಸೋರುತ್ತವೆ. ಎದೆಭಾಗದ ರಕ್ತದಲ್ಲಿ ಅಂಕಿ ಉಬ್ಬಿರುತ್ತದೆ, ತೊಡೆಯ ರಕ್ತನಾಳದ ರಕ್ತ ಹೆಚ್ಚು ವಿಶ್ವಾಸಾರ್ಹ. ಯಾವ ವರದಿಯಲ್ಲೇ ಆಗಲಿ, ರಕ್ತ ಎಲ್ಲಿಂದ ತೆಗೆದದ್ದು ಅನ್ನುವುದನ್ನು ಮೊದಲು ಹುಡುಕಿ.

ಈಗ ಉಸಿರಿನ ವಿಷಯ. ಇಡೀ ಪಾಠದ ಜೀವ ಇಲ್ಲಿದೆ. ನಾವು ಉಸಿರಾಡಬೇಕು ಅಂದುಕೊಂಡು ಉಸಿರಾಡುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮಿದುಳುಕಾಂಡ ಅದನ್ನು ಗುರುತಿಸಿ ‘ಎಳೆ ಉಸಿರು’ ಅನ್ನುತ್ತದೆ. ಒಪಿಯಾಯ್ಡ್‌ಗಳು ಅಲ್ಲಿನ ಮ್ಯೂ ಗ್ರಾಹಕಗಳಿಗೆ (ನರಕೋಶದ ಮೇಲೆ ಈ ಔಷಧಗಳು ಕೂರುವ ತಾಣಗಳಿಗೆ) ಅಂಟಿಕೊಂಡು ಈ ಗುರುತಿಸುವ ಶಕ್ತಿಯನ್ನೇ ಮಂಕು ಮಾಡುತ್ತವೆ. ಡೈಆಕ್ಸೈಡ್ ಏರುತ್ತಲೇ ಇರುತ್ತದೆ, ಮಿದುಳಿಗೆ ಗಾಬರಿಯೇ ಆಗುವುದಿಲ್ಲ. ಆಕ್ಸಿಕೋಡೋನ್, ಫೆಂಟನಿಲ್ ಎರಡೂ ತಟ್ಟುವುದು ಇದೇ ಬಾಗಿಲನ್ನು. ಮದ್ಯ ಬರುವುದು ಬೇರೆ ಬಾಗಿಲಿನಿಂದ: ಮಿದುಳನ್ನು ತಣಿಸುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತದೆ, ಕೆರಳಿಸುವ ಗ್ಲುಟಮೇಟ್ ವ್ಯವಸ್ಥೆಯನ್ನು ಅದುಮುತ್ತದೆ. ದಾರಿ ಎರಡು, ಸೇರುವ ಊರು ಒಂದೇ. ಒಪಿಯಾಯ್ಡ್‌ಗೆ ಒಗ್ಗಿದ ದೇಹಕ್ಕೂ ಮದ್ಯ ಸೇರಿದಾಗ ರಕ್ಷಣೆ ಸಾಲದೇ ಹೋಗುವುದು ಇದೇ ಕಾರಣಕ್ಕೆ.

ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿಯುವುದೂ ಈ ಸರಪಳಿಯ ಕೊಂಡಿಯೇ. ಒಪಿಯಾಯ್ಡ್ ವಾಂತಿ ಬರಿಸುತ್ತದೆ, ಮದ್ಯವೂ ಬರಿಸುತ್ತದೆ. ಎಚ್ಚರವಿರುವವನು ಕೆಮ್ಮುತ್ತಾನೆ, ಮಗ್ಗುಲಾಗುತ್ತಾನೆ. ಅಮಲಿನಲ್ಲಿ ಆ ಪ್ರತಿವರ್ತನೆ ಸತ್ತಿರುತ್ತದೆ. ಇದನ್ನು ‘ವಾಂತಿ ಸಿಕ್ಕಿಕೊಂಡು ಸತ್ತ’ ಅಂತ ಬಿಡಿಯಾಗಿ ಬರೆದರೆ ತಪ್ಪಾಗುತ್ತದೆ.

ಒಪಿಯಾಯ್ಡ್ ನಂಜಿಗೆ ಕೊಡುವ ಮದ್ದು ನಲೋಕ್ಸೋನ್ ಬಗ್ಗೆ ಒಂದು ಸಾಲು. ಅದು ಮ್ಯೂ ಗ್ರಾಹಕದಿಂದ ಒಪಿಯಾಯ್ಡ್ ಅನ್ನು ತಳ್ಳಿ ಉಸಿರನ್ನು ಮರಳಿಸುತ್ತದೆ, ಮದ್ಯದ ಮೇಲೆ ಅದಕ್ಕೆ ಕೈ ಇಲ್ಲ. ಮಿಶ್ರ ಪ್ರಕರಣದಲ್ಲಿ ಕೊಟ್ಟ ಮೇಲೂ ರೋಗಿ ಪೂರ್ತಿ ಎಚ್ಚರವಾಗದಿದ್ದರೆ ಔಷಧ ಸೋತಿತು ಅಂದುಕೊಳ್ಳಬಾರದು, ಉಸಿರಾಟ ನೋಡಬೇಕು.

ಫೆಂಟನಿಲ್ ಎಲ್ಲಿಂದ ಬಂತು? ಕೋಣೆಯಲ್ಲಿ ಸಿಕ್ಕವುಗಳಲ್ಲಿ ‘ಎಂ’ ಮತ್ತು ‘30’ ಅಚ್ಚಿದ್ದ ಒಂದು ನೀಲಿ ಮಾತ್ರೆ ಇತ್ತು. ನೋಡಲು 30 ಮಿಲಿಗ್ರಾಂ ಆಕ್ಸಿಕೋಡೋನ್ ಮಾತ್ರೆಯ ಪಡಿಯಚ್ಚು. ಪರೀಕ್ಷೆ ಮಾಡಿದರೆ ಫೆಂಟನಿಲ್ ಬೆರೆತದ್ದು. ಕಳ್ಳ ಅಚ್ಚಿನಲ್ಲಿ ಪುಡಿ ಸಮನಾಗಿ ಬೆರೆಯುವುದಿಲ್ಲ. ಉಪ್ಪನ್ನು ಸರಿಯಾಗಿ ಕಲಸದ ಹಿಟ್ಟಿನ ಹಾಗೆ, ಒಂದು ತುತ್ತು ಸಪ್ಪೆ, ಇನ್ನೊಂದು ಬಾಯಿಗಿಡಲಾಗದಷ್ಟು ಉಪ್ಪು. ಮೈಕ್ರೋಗ್ರಾಂಗಳಲ್ಲಿ ಅಳೆಯಬೇಕಾದ ವಸ್ತುವಿಗೆ ಇಷ್ಟು ಏರುಪೇರು ಸಾಕು. ನುಂಗುವವನಿಗೆ ತಾನು ನುಂಗುತ್ತಿರುವುದು ಏನು ಅನ್ನುವುದೇ ಗೊತ್ತಿರುವುದಿಲ್ಲ. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು.

ವೈದ್ಯರ ಸಾಲು ‘ಮಿಶ್ರ’ ಅನ್ನುತ್ತದೆ. ಕಾನೂನು ಮಾತ್ರ ‘ಯಾವುದು?’ ಎಂದು ಕೇಳುತ್ತದೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇಂಥ ಮಾದಕವಸ್ತು ಕೊಟ್ಟು ಅದರಿಂದ ಸಾವಾದರೆ ಕನಿಷ್ಠ ಶಿಕ್ಷೆ 20 ವರ್ಷ. 2014ರ ಬರೇಜ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಹಲವು ಮಾದಕಗಳು ಬೆರೆತ ಸಾವಿನಲ್ಲಿ ಆರೋಪಿ ಕೊಟ್ಟದ್ದೂ ‘ಸ್ವಲ್ಪ ಕಾರಣ’ ಆಗಿತ್ತು ಅಂದರೆ ಸಾಲದು. ಅದೊಂದು ಇಲ್ಲದಿದ್ದರೆ ಈತ ಬದುಕುತ್ತಿದ್ದ ಎಂದು ತೋರಿಸಬೇಕು. ಆರೋಪಿ ಕೊಟ್ಟದ್ದೊಂದೇ ಸಾವಿಗೆ ಸಾಕಾಗುವಷ್ಟಿದ್ದರೆ ಆ ಪ್ರಶ್ನೆ ಬೇರೆ.

ಸ್ಕ್ಯಾಗ್ಸ್ ಪ್ರಕರಣದಲ್ಲಿ ಮಾತ್ರೆ ಕೊಟ್ಟ ಆರೋಪ ಬಂದದ್ದು ತಂಡದ ಸಂಪರ್ಕ ವಿಭಾಗದ ನಿರ್ದೇಶಕರಾಗಿದ್ದ ಎರಿಕ್ ಕೇ ಮೇಲೆ. ಫೋರ್ಟ್ ವರ್ತ್‌ನಲ್ಲಿ ನಡೆದ ವಿಚಾರಣೆಯಲ್ಲಿ ಹಲವು ಆಟಗಾರರು ತಾವೂ ಅವರಿಂದ ಮಾತ್ರೆ ಪಡೆದಿದ್ದಾಗಿ ಸಾಕ್ಷಿ ಹೇಳಿದರು. ಇಡೀ ವಾದ ಬಂದು ನಿಂತದ್ದು ನಾವು ಮೇಲೆ ನೋಡಿದ 3.8ರ ಮೇಲೆ: ಫೆಂಟನಿಲ್ ತೆಗೆದುಬಿಟ್ಟರೆ ಉಳಿದ ಎರಡು ಕೊಲ್ಲುತ್ತಿದ್ದವೇ? 2022ರ ಫೆಬ್ರುವರಿಯಲ್ಲಿ ಜ್ಯೂರಿ ಅಪರಾಧಿ ಎಂದಿತು. ಅಕ್ಟೋಬರ್‌ನಲ್ಲಿ 22 ವರ್ಷದ ಶಿಕ್ಷೆಯಾಯಿತು.

ಇದನ್ನು ಓದಿ ‘ಹಾಗಾದರೆ ಮದ್ಯ ಮತ್ತು ಆಕ್ಸಿಕೋಡೋನ್ ಎರಡೇ ಆದರೆ ಅಪಾಯವಿಲ್ಲ’ ಅನ್ನುವ ಕಡೆಗೆ ಜಾರಬೇಡಿ. ಪಕ್ಕದಲ್ಲಿ ಡೆರೆಕ್ ಬೂಗಾರ್ಡ್ ಅವರ ವರದಿ ಇಟ್ಟುಕೊಳ್ಳಿ. ಐಸ್ ಹಾಕಿಯಲ್ಲಿ ಎದುರಾಳಿಗಳ ಜೊತೆ ಮುಷ್ಟಿಯುದ್ಧಕ್ಕೆಂದೇ ಹೆಸರಾದ ಆಟಗಾರ, ನ್ಯೂಯಾರ್ಕ್ ರೇಂಜರ್ಸ್ ತಂಡದವರು. 2011ರ ಮೇ 13ರಂದು ಮಿನಿಯಾಪೊಲಿಸ್‌ನಲ್ಲಿ, 28ನೇ ವಯಸ್ಸಿಗೆ ತೀರಿಕೊಂಡರು. ಕಾರಣ: ಮದ್ಯ ಮತ್ತು ಆಕ್ಸಿಕೋಡೋನ್, ಎರಡೇ. ಫೆಂಟನಿಲ್ ಇಲ್ಲ. ವ್ಯಸನದ ಚಿಕಿತ್ಸೆ ನಡೆಯುತ್ತಿತ್ತು, ಕೆಲ ದಿನದ ಬಿಡುವಿನಲ್ಲಿ ಚಿಕಿತ್ಸಾ ಕೇಂದ್ರದಿಂದ ಬಂದಿದ್ದರು. ಚಿಕಿತ್ಸೆಯಲ್ಲಿ ಒಪಿಯಾಯ್ಡ್ ಬಿಟ್ಟ ದೇಹ ಸಹಿಸುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ, ಮನಸ್ಸು ಹಳೇ ಅಳತೆಯನ್ನೇ ನೆನಪಿಟ್ಟುಕೊಂಡಿರುತ್ತದೆ. ಚಿಕಿತ್ಸೆಯಿಂದ ಹೊರಬಂದ ಮೊದಲ ದಿನಗಳು ಅಷ್ಟು ಅಪಾಯಕಾರಿ ಆಗುವುದು ಇದರಿಂದಲೇ. ‘ಇಷ್ಟು ನ್ಯಾನೋಗ್ರಾಂ ದಾಟಿದರೆ ಸಾವು’ ಅನ್ನುವ ಒಂದೇ ಗೆರೆ ಯಾರಿಗೂ ಎಳೆಯಲಾಗದ್ದೂ ಇದರಿಂದಲೇ. ಆಮೇಲೆ ಅವರ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ, ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಕಾಯಿಲೆ ಕಂಡುಬಂತು. ಸಾವಿನ ಕಾರಣದ ಸಾಲಿನಲ್ಲಿ ಅದು ಇಲ್ಲ. ಆ ಬದುಕನ್ನು ಅರ್ಥಮಾಡಿಕೊಳ್ಳಲು ಅದೂ ಬೇಕು.

ಸ್ಕ್ಯಾಗ್ಸ್ ಸತ್ತ ವರ್ಷದ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಆಟಗಾರರ ಸಂಘ ಒಪಿಯಾಯ್ಡ್ ಮತ್ತು ಕೊಕೇನ್ ಪರೀಕ್ಷೆಗೆ ಒಪ್ಪಿದವು. ಸಿಕ್ಕಿಬಿದ್ದವರಿಗೆ ಮೊದಲು ಚಿಕಿತ್ಸೆ, ಅದಕ್ಕೆ ಸಹಕರಿಸದಿದ್ದರೆ ಮಾತ್ರ ಶಿಸ್ತುಕ್ರಮ. ಶಿಕ್ಷೆಯ ಭಯವಿರುವ ಕಡೆ ಯಾರೂ ಬಾಯಿಬಿಟ್ಟು ಸಹಾಯ ಕೇಳುವುದಿಲ್ಲ, ಹಾಗಾಗಿ ಈ ಕ್ರಮ ಸರಿ ಎಂದೇ ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಇನ್ನೊಂದು ವರದಿ. ಮಯಾಮಿ ಮಾರ್ಲಿನ್ಸ್ ತಂಡದ ಪಿಚರ್ ಹೋಸೆ ಫರ್ನಾಂಡೆಸ್, 2016ರ ಸೆಪ್ಟೆಂಬರ್ 25, ವಯಸ್ಸು 24. ಮದ್ಯ 0.147, ಜೊತೆಗೆ ಕೊಕೇನ್. ಇವೆರಡೂ ಒಟ್ಟಿಗೆ ದೇಹದಲ್ಲಿದ್ದರೆ ಯಕೃತ್ತಿನಲ್ಲಿ ಕೋಕಾಎಥಿಲೀನ್ ಅನ್ನುವ ಮೂರನೇ ವಸ್ತು ಹುಟ್ಟುತ್ತದೆ, ಅದು ಹೃದಯಕ್ಕೆ ಕೆಟ್ಟದ್ದು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕಾರಣದ ಸಾಲನ್ನು ಕೈಯಿಂದ ಮುಚ್ಚಿ, ಅಂಕಿಗಳನ್ನಷ್ಟೇ ನೋಡಿ ಆ ಸಾಲನ್ನು ನೀವೇ ಬರೆಯಿರಿ. ನಾನು ಮೊದಲ ಸಲ ‘ಮದ್ಯ ಮತ್ತು ಕೊಕೇನ್ ನಂಜು’ ಎಂದು ಬರೆದೆ. ಕೈ ತೆಗೆದಾಗ ಅಲ್ಲಿದ್ದದ್ದು ದೋಣಿ ಅಪಘಾತದ ಗಾಯಗಳು. ರಾತ್ರಿ ವೇಗವಾಗಿ ಓಡುತ್ತಿದ್ದ ದೋಣಿ ಬಂದರಿನ ಬಾಯಿಯ ಕಲ್ಲಿನ ತಡೆಗೆ ಬಡಿದಿತ್ತು, ಅದರಲ್ಲಿದ್ದ ಇನ್ನಿಬ್ಬರೂ ಉಳಿಯಲಿಲ್ಲ.