ವಿಟಮಿನ್ ಇ ಹಾಕಿದರೆ ಮನೆಯ ಕ್ರೀಮ್ ಕೆಡಲ್ಲ ಅಂದವರು ಯಾರು?

ಪ್ರಶ್ನೆ: ಲೋಳೆಸರ, ತೆಂಗಿನೆಣ್ಣೆ, ರೋಸ್ ವಾಟರ್ ಸೇರಿಸಿ ಮನೆಯಲ್ಲೇ ಮುಖಕ್ಕೆ ಮಾಯಿಶ್ಚರೈಸರ್ ಮಾಡಿದ್ದೇನೆ. ಕೆಡಬಾರದು ಅಂತ ಎರಡು ವಿಟಮಿನ್ ಇ ಕ್ಯಾಪ್ಸೂಲ್ ಕೂಡ ಹಾಕಿದ್ದೇನೆ. ಫ್ರಿಜ್‌ನಲ್ಲಿಟ್ಟರೆ ಎಷ್ಟು ತಿಂಗಳು ಬಳಸಬಹುದು?

ಉತ್ತರ: ತಿಂಗಳ ಮಾತೇ ಬೇಡ. ಎರಡು ದಿನ, ಹೆಚ್ಚೆಂದರೆ ಮೂರು. ಅದೂ ಫ್ರಿಜ್‌ನಲ್ಲಿಟ್ಟು, ಒಣ ಚಮಚದಲ್ಲಿ ತೆಗೆದರೆ.

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ಲೋಳೆಸರದ ಜಾಗದಲ್ಲಿ ಸೌತೆಕಾಯಿ ರಸ ಇರುತ್ತದೆ, ಇನ್ನೊಮ್ಮೆ ರೋಸ್ ವಾಟರ್ ಬದಲು ಅಕ್ಕಿ ತೊಳೆದ ನೀರು. ಕ್ಯಾಪ್ಸೂಲ್ ಮಾತ್ರ ಬದಲಾಗುವುದಿಲ್ಲ. ಮೆಡಿಕಲ್ ಶಾಪಿನ ಆ ಹಸಿರು ಕ್ಯಾಪ್ಸೂಲನ್ನು ಚುಚ್ಚಿ ಹಿಂಡಿಬಿಟ್ಟರೆ ಕ್ರೀಮಿಗೆ ಕಾವಲು ಕೂತಿತು ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂದರೆ, ನಾನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಹಾಗಾಗಿ ಇವತ್ತು ಕೂತು ಆ ವಿಷಯವನ್ನೇ ಮುಗಿಸೋಣ. ಮಾಡುವ ವಿಧಾನ ಕೆಳಗಿದೆ. ದಯವಿಟ್ಟು ನೇರ ಅಲ್ಲಿಗೆ ಹಾರಬೇಡಿ.

ಕ್ರೀಮ್ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ಅದರೊಳಗಿನ ಎಣ್ಣೆ ಗಾಳಿ, ಬೆಳಕು, ಬಿಸಿ ತಾಗಿ ಕಮಟು ವಾಸನೆ ಹಿಡಿಯುವುದು. ಹಳೇ ಕಡಲೆಕಾಯಿ ಬಾಯಿಗೆ ಹಾಕಿಕೊಂಡಾಗ ಸಿಗುವ ಆ ಕೆಟ್ಟ ರುಚಿ ಗೊತ್ತಲ್ಲ, ಅದೇ ಇದು. ಇಲ್ಲಿ ಎಣ್ಣೆಗೂ ಆಮ್ಲಜನಕಕ್ಕೂ ನಡುವೆ ರಾಸಾಯನಿಕ ಕ್ರಿಯೆ ನಡೆಯುತ್ತದೆ, ಯಾವ ಜೀವಿಯ ಪಾತ್ರವೂ ಬೇಕಿಲ್ಲ. ಇನ್ನೊಂದು, ಕ್ರೀಮಿನಲ್ಲಿರುವ ನೀರಿನಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್, ಬೂಸ್ಟು ಬೆಳೆಯುವುದು. ವಿಟಮಿನ್ ಇ ಮೊದಲನೆಯದನ್ನು ನಿಧಾನ ಮಾಡುತ್ತದೆ. ಎರಡನೆಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬ್ಯಾಕ್ಟೀರಿಯಾವನ್ನು ಅದು ಕೊಲ್ಲುವುದಿಲ್ಲ, ತಡೆಯುವುದೂ ಇಲ್ಲ.

ನಿಮ್ಮ ಅಡುಗೆಮನೆಗೆ ಇದು ಹೊಸದೇನಲ್ಲ. ಬೆಳಗ್ಗೆ ರುಬ್ಬಿದ ಕಾಯಿ ಚಟ್ನಿ ಸಂಜೆಗೆ ಹಳಸುತ್ತದೆ. ಒಣಕೊಬ್ಬರಿ ಹಾಕಿದ ಚಟ್ನಿಪುಡಿ ವಾರಗಟ್ಟಲೆ ಇರುತ್ತದೆ. ಎರಡರಲ್ಲೂ ತೆಂಗು, ಮೆಣಸಿನಕಾಯಿ, ಹುಣಸೆ, ಉಪ್ಪು. ವ್ಯತ್ಯಾಸ ನೀರಿನದು. ಚಟ್ನಿಪುಡಿ ತುಂಬಾ ಹಳತಾದರೆ ಕಮಟಾಗುತ್ತದೆ, ಹಳಸುವುದಿಲ್ಲ. ಈಗ ನಿಮ್ಮ ಕ್ರೀಮ್ ನೋಡಿ. ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98ರಿಂದ 99 ಭಾಗ ಬರೀ ನೀರು. ರೋಸ್ ವಾಟರ್ ಅಂತೂ ಹೆಸರಲ್ಲೇ ಇದೆ. ಲೋಳೆಸರದ ಉಳಿದ ಒಂದೆರಡು ಭಾಗದಲ್ಲಿ ಸಕ್ಕರೆಯ ಜಾತಿಯ ಪದಾರ್ಥಗಳು, ಅಂದರೆ ಬ್ಯಾಕ್ಟೀರಿಯಾಕ್ಕೆ ಊಟ. ನೀವು ಮಾಡಿರುವುದು ಹಸಿ ಚಟ್ನಿ. ಅದನ್ನು ಚಟ್ನಿಪುಡಿ ಅಂದುಕೊಂಡು ಡಬ್ಬಕ್ಕೆ ತುಂಬಿದ್ದೀರಿ.

ಇನ್ನೂ ಒಂದು ತಮಾಷೆ ಇದೆ. ಆ ಹಸಿರು ಕ್ಯಾಪ್ಸೂಲಿನಲ್ಲಿ ಇರುವುದು ಸಾಮಾನ್ಯವಾಗಿ ಟೋಕೋಫೆರಿಲ್ ಅಸಿಟೇಟ್. ಪಟ್ಟಿಯ ಹಿಂಭಾಗ ಓದಿ, ಬರೆದಿರುತ್ತಾರೆ. ವಿಟಮಿನ್ ಇ ಆಮ್ಲಜನಕದ ದಾಳಿಯನ್ನು ತಡೆಯುವುದು ತನ್ನ ಅಣುವಿನ ಒಂದು ತುದಿಯಿಂದ. ಅಸಿಟೇಟ್ ರೂಪದಲ್ಲಿ ಆ ತುದಿಗೇ ಮುಚ್ಚಳ ಹಾಕಿರುತ್ತಾರೆ, ಕ್ಯಾಪ್ಸೂಲಿನೊಳಗೆ ವಿಟಮಿನ್ನೇ ಹಾಳಾಗದಿರಲಿ ಅಂತ. ನುಂಗಿದಾಗ ನಮ್ಮ ಹೊಟ್ಟೆಯ ಕಿಣ್ವಗಳು ಆ ಮುಚ್ಚಳ ತೆಗೆಯುತ್ತವೆ. ಕ್ರೀಮಿನ ಡಬ್ಬದಲ್ಲಿ ತೆಗೆಯುವವರು ಯಾರೂ ಇಲ್ಲ. ಅಂದರೆ ನೀವು ಹಿಂಡಿದ ಕ್ಯಾಪ್ಸೂಲ್ ಬ್ಯಾಕ್ಟೀರಿಯಾವನ್ನಂತೂ ತಡೆಯುವುದಿಲ್ಲ, ಎಣ್ಣೆ ಕಮಟಾಗುವುದನ್ನೂ ಸರಿಯಾಗಿ ತಡೆಯುವುದಿಲ್ಲ. ಹಾಗಾದರೆ ನಾಲ್ಕು ಹಾಕಲಾ ಅಂತ ಕೇಳುವವರಿದ್ದಾರೆ. ನಾಲ್ಕು ಹಾಕಿದರೆ ಅಂಟು ಜಾಸ್ತಿ ಆಗುತ್ತದೆ, ಅಷ್ಟೇ. ಕೆಲವರ ಚರ್ಮಕ್ಕೆ ವಿಟಮಿನ್ ಇ ಅಲರ್ಜಿಯೂ ಆಗುತ್ತದೆ.

"ನಮ್ಮದು ಒಂದು ತಿಂಗಳಾದರೂ ಚೆನ್ನಾಗೇ ಇದೆಯಲ್ಲ!" ಇದು ಮುಂದಿನ ವಾದ. ಚೆನ್ನಾಗಿದೆ ಅಂತ ಹೇಗೆ ಗೊತ್ತಾಯಿತು? ಕಣ್ಣಿನಿಂದ, ಮೂಗಿನಿಂದ. ತಿಳಿನೀರು ಮಬ್ಬಾಗಿ ಕಾಣಬೇಕಾದರೇ ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷದಿಂದ ಒಂದು ಕೋಟಿಯಷ್ಟು ಬ್ಯಾಕ್ಟೀರಿಯಾ ಸೇರಿರಬೇಕು. ಮೊದಲೇ ಬೆಳ್ಳಗಿರುವ ಕ್ರೀಮಿನಲ್ಲಿ ಮಬ್ಬು ಎಲ್ಲಿಂದ ಕಾಣುತ್ತದೆ? ಅಂಗಡಿಯ ಕ್ರೀಮಿಗೆ ಐಎಸ್‌ಒ 17516 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಇಟ್ಟಿರುವ ಮಿತಿ ಒಂದು ಗ್ರಾಮಿಗೆ 1000. ಕಣ್ಣಿನ ಸುತ್ತ ಹಚ್ಚುವುದಕ್ಕೆ, ಚಿಕ್ಕ ಮಕ್ಕಳದ್ದಕ್ಕೆ 100. ಬೂಸ್ಟು ಕಾಣುವ ಹೊತ್ತಿಗೆ, ವಾಸನೆ ಬರುವ ಹೊತ್ತಿಗೆ, ನೀವು ಅದನ್ನು ಎಷ್ಟೋ ದಿನದಿಂದ ಮುಖಕ್ಕೆ ಹಚ್ಚುತ್ತಿದ್ದೀರಿ ಅಂತಲೇ ಅರ್ಥ. ಗಟ್ಟಿ ಚರ್ಮಕ್ಕೆ ಏನೂ ಆಗದೇ ಇರಬಹುದು. ಮೊಡವೆ ಒಡೆದಿದ್ದರೆ, ಥ್ರೆಡ್ಡಿಂಗ್ ಮಾಡಿಸಿಕೊಂಡು ಬಂದಿದ್ದರೆ, ಕಣ್ಣಿಗೆ ತಾಗಿದರೆ ಆಗುತ್ತದೆ.

ಫ್ರಿಜ್ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಇಲ್ಲದಿದ್ದರೆ ಮೊಸರು ಫ್ರಿಜ್‌ನಲ್ಲಿ ಹುಳಿಯಾಗುತ್ತಲೇ ಇರಲಿಲ್ಲ.

ಬೇವು ಹಾಕಿದ್ದೇನೆ, ಅರಿಶಿನ ಹಾಕಿದ್ದೇನೆ, ಟೀ ಟ್ರೀ ಎಣ್ಣೆ ಎರಡು ಹನಿ ಹಾಕಿದ್ದೇನೆ ಅನ್ನುವವರಿಗೂ ಇದೇ ಉತ್ತರ. ಇವುಗಳಿಗೆ ಬ್ಯಾಕ್ಟೀರಿಯಾ ಮೇಲೆ ಪ್ರಭಾವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಇಡೀ ಡಬ್ಬವನ್ನು ತಿಂಗಳು ಕಾಯುವಷ್ಟು ಹಾಕಿದರೆ ಮುಖ ಉರಿಯುತ್ತದೆ. ಮುಖ ತಡೆಯುವಷ್ಟು ಹಾಕಿದರೆ ಡಬ್ಬ ಕಾಯುವುದಿಲ್ಲ. ಜೇನುತುಪ್ಪ ವರ್ಷಗಟ್ಟಲೆ ಕೆಡದೆ ಇರುವುದು ನಿಜ. ಅದರಲ್ಲಿ ನೀರು ಇರುವುದು ನೂರಕ್ಕೆ 20ಕ್ಕಿಂತ ಕಡಿಮೆ, ಅದನ್ನೂ ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದೇ ಜೇನಿಗೆ ರೋಸ್ ವಾಟರ್ ಬೆರೆಸಿ, ಹುಳಿಯಲು ಶುರುವಾಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. ಅಂಗಡಿಯ ಕ್ರೀಮಿನ ಲೇಬಲ್‌ನಿಂದ ಬಂದಿರಬೇಕು. ಅಲ್ಲಿ ನೀರು, ಗ್ಲಿಸರಿನ್, ಎಣ್ಣೆಗಳ ಜೊತೆ ವಿಟಮಿನ್ ಇ ಇರುತ್ತದೆ, ಕ್ರೀಮ್ ಎರಡು ವರ್ಷ ಕೆಡುವುದಿಲ್ಲ. ಓದುವವರು ಪರಿಚಯದ ಹೆಸರನ್ನು ಹಿಡಿದುಕೊಳ್ಳುತ್ತಾರೆ. ಅದೇ ಲೇಬಲ್‌ನ ಕೊನೆಯಲ್ಲಿ ಫಿನಾಕ್ಸಿಎಥನಾಲ್ ಅಂತಲೋ ಸೋಡಿಯಂ ಬೆಂಜೊಯೇಟ್ ಅಂತಲೋ ಇರುತ್ತದೆ. ಕಾವಲು ಕಾಯುತ್ತಿರುವವರು ಅವರು. ಆ ಹೆಸರು ಕಂಡ ಕೂಡಲೇ "ಅಯ್ಯೋ ಕೆಮಿಕಲ್" ಅಂತ ಮುಖ ತಿರುಗಿಸಿ, ಮನೆಯಲ್ಲೇ ಮಾಡೋಣ ಅಂತ ಹೊರಡುತ್ತೇವೆ. ಫಿನಾಕ್ಸಿಎಥನಾಲ್ ಹಾಕುವುದು ಹೆಚ್ಚೆಂದರೆ ನೂರಕ್ಕೆ ಒಂದು ಭಾಗ. ಸೋಡಿಯಂ ಬೆಂಜೊಯೇಟ್ ನೀವು ಕುಡಿಯುವ ಸ್ಕ್ವಾಷಿನಲ್ಲೂ ಇರುತ್ತದೆ. ಅದನ್ನು ತಂದು ಚಿಟಿಕೆ ಹಾಕಿಬಿಡಲಾ ಅಂದರೆ, ಅದೂ ಬೇಡ. ಹುಳಿ ಸಾಕಷ್ಟಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಅಂದರೆ ಹುಳಿ ಅಳೆಯುವ ಪಿಎಚ್ ಅಂಕಿ 5ಕ್ಕಿಂತ ಕೆಳಗಿರಬೇಕು. ಅಳೆದು ತೂಗಿ ಮಾಡುವ ಸಾಮಾನು ಇಲ್ಲದಿದ್ದರೆ ಆ ಉಸಾಬರಿಗೆ ಹೋಗಬೇಡಿ. ಹುಳಿಗೆ ನಿಂಬೆರಸ ಹಿಂಡುವ ಯೋಚನೆ ಬಂದಿದ್ದರೆ ಅಲ್ಲೇ ಬಿಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ.

ಕೊನೆಯ ಬಾಣ ಅಜ್ಜಿಯದು. ಅಜ್ಜಿಯರು ಇದೆಲ್ಲ ಮಾಡುತ್ತಿರಲಿಲ್ವಾ, ಅವರಿಗೇನಾಯ್ತು? ಅಜ್ಜಿಯ ಡಬ್ಬಗಳನ್ನು ನೆನಪಿಸಿಕೊಳ್ಳಿ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ತುಪ್ಪ, ಸೀಗೆಪುಡಿ, ಕಡಲೆಹಿಟ್ಟು. ಒಂದರಲ್ಲೂ ನೀರಿಲ್ಲ. ಹಾಲಿನ ಕೆನೆ, ಮೊಸರು, ಲೋಳೆಸರ ಇವೆಲ್ಲ ಆಗಿಂದಾಗ ತೆಗೆದದ್ದು. ಅಂಗೈಯಲ್ಲಿ ಕಲಸಿ, ಹಚ್ಚಿ, ತೊಳೆದು ಮುಗಿಸುತ್ತಿದ್ದರು. ಹಸಿಯದನ್ನು ಡಬ್ಬಕ್ಕೆ ತುಂಬಿ ತಿಂಗಳು ಇಡುವ ಪದ್ಧತಿ ನಮ್ಮದು, ಅವರದಲ್ಲ. ಅಜ್ಜಿಯನ್ನು ಸುಮ್ನೆ ಸಾಕ್ಷಿಗೆ ಕರೆಯಬೇಡಿ.

ಸರಿ, ಈಗ ಮಾಡುವ ವಿಧಾನ. ನೀರು ಡಬ್ಬದಲ್ಲಿ ಬೇಡ, ಮುಖದ ಮೇಲೆ ಇರಲಿ. ಮಾಯಿಶ್ಚರೈಸರ್ ಅನ್ನುವುದು ಚರ್ಮಕ್ಕೆ ನೀರು ಕುಡಿಸುವುದಕ್ಕಿಂತ ಹೆಚ್ಚಾಗಿ ಇರುವ ನೀರನ್ನು ಆವಿಯಾಗದಂತೆ ತಡೆಯುವ ಕೆಲಸ. ಮುಖ ತೊಳೆದು, ಟವೆಲ್‌ನಿಂದ ಒತ್ತಿ, ಇನ್ನೂ ಪಸೆ ಇರುವಾಗಲೇ ಎಣ್ಣೆಯ ಪದರ ಹಚ್ಚಿದರೆ ಆ ನೀರು ಒಳಗೇ ಉಳಿಯುತ್ತದೆ. ಹಾಗಾಗಿ ಮನೆಯಲ್ಲಿ ಮಾಡುವುದಾದರೆ ನೀರಿಲ್ಲದ ಮುಲಾಮು ಮಾಡಿ.

50 ಗ್ರಾಮಿಗೆ ಲೆಕ್ಕ: ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ 35 ಗ್ರಾಮ್, ಮುರುಗಲ ತುಪ್ಪ (ಪುನರ್ಪುಳಿ ಬೀಜದಿಂದ ತೆಗೆದ ಕೊಬ್ಬು) 10 ಗ್ರಾಮ್, ಜೇನುಮೇಣ 5 ಗ್ರಾಮ್. ಚಮಚದ ಲೆಕ್ಕ ಕೇಳಬೇಡಿ, ತೂಕ ಮಾಡಿ. ಮೇಣ ಅಂದರೆ ಜೇನುಗೂಡಿನ ಮೇಣ. ಮೇಣದಬತ್ತಿ ಕರಗಿಸಬೇಡಿ. ಇದನ್ನೂ ಹೇಳಬೇಕಾಗಿ ಬಂದಿದೆ. ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು, ಅದರ ಮೇಲೆ ಸ್ಟೀಲ್ ಬಟ್ಟಲು ಕೂರಿಸಿ, ಮೊದಲು ಮೇಣ ಕರಗಿಸಿ. ಅದು ಕರಗಲು 62 ಡಿಗ್ರಿ ಬಿಸಿಯಾದರೂ ಬೇಕು. ಆಮೇಲೆ ಮುರುಗಲ ತುಪ್ಪ, ಕೊನೆಗೆ ಎಣ್ಣೆ. ಎಲ್ಲ ಒಂದಾದ ಮೇಲೆ ಇಳಿಸಿ, ಚೆನ್ನಾಗಿ ಒಣಗಿಸಿದ ಅಗಲ ಬಾಯಿಯ ಡಬ್ಬಕ್ಕೆ ಸುರಿದು, ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕೂತು ಒಳಗೆ ಬೀಳಬಹುದು. ಆಗ ಇಷ್ಟು ಹೊತ್ತು ಹೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇದಕ್ಕೆ ಕ್ಯಾಪ್ಸೂಲ್ ಬೇಕಿಲ್ಲ. ಎಳ್ಳೆಣ್ಣೆಯಲ್ಲಿ ಕಮಟು ತಡೆಯುವ ಗುಣ ಹುಟ್ಟಿನಿಂದಲೇ ಇದೆ. ತಂಪಾದ, ಕತ್ತಲ ಜಾಗದಲ್ಲಿಟ್ಟು ಒಣ ಬೆರಳಿನಿಂದ ತೆಗೆದರೆ ಕೆಲವು ತಿಂಗಳು ಧೈರ್ಯವಾಗಿ ಬಳಸಬಹುದು. ವಾಸನೆ ಬದಲಾದರೆ ಎಸೆಯಿರಿ. ಇಡೀ ಮುಖಕ್ಕೆ ಒಂದು ತೊಗರಿ ಕಾಳಿನಷ್ಟು ಸಾಕು. ಮೊದಲ ಸಲ ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದೆರಡು ದಿನ ನೋಡಿ. ರಾಯಚೂರು, ಕಲಬುರಗಿಯ ಬೇಸಿಗೆಗೆ ಮೇಣ 8 ಗ್ರಾಮ್ ಮಾಡಿ, ಎಣ್ಣೆ ಅಷ್ಟು ಕಡಿಮೆ ಮಾಡಿ. ತೆಂಗಿನೆಣ್ಣೆ ಬಿಟ್ಟದ್ದು ಯಾಕೆ ಅಂದರೆ, ಅದು 25 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಮೇಲಾಗಿ ಮೊಡವೆ ಏಳುವ ಮುಖಕ್ಕೆ ಆಗಿಬರುವುದಿಲ್ಲ. ಮೊಡವೆ ಜಾಸ್ತಿ ಇರುವವರು ಈ ಮುಲಾಮನ್ನೂ ಬಿಡಿ. ಎರಡು ಹನಿ ಗ್ಲಿಸರಿನ್ ಅಂಗೈಗೆ ಹಾಕಿ, ಸ್ವಲ್ಪ ನೀರು ಬೆರೆಸಿ ಆಗಲೇ ಹಚ್ಚಿಕೊಳ್ಳಿ. ಲೋಳೆಸರ ಬೇಕೇಬೇಕು ಅನ್ನುವವರು ಕತ್ತರಿಸಿದ ಎಲೆಯನ್ನು ನಿಲ್ಲಿಸಿಟ್ಟು ಹಳದಿ ಸೊನೆ ಇಳಿದುಹೋಗಲು ಬಿಡಿ, ಅದು ತುರಿಕೆ ತರುತ್ತದೆ. ತಿರುಳು ಹಚ್ಚಿ, ಅದರ ಮೇಲೆ ಮುಲಾಮು ಹಚ್ಚಿ. ಎರಡನ್ನೂ ಡಬ್ಬದಲ್ಲಿ ಸೇರಿಸಬೇಡಿ.

ಈಗ ಮುರುಗಲ ತುಪ್ಪದ ಬದಲು ಶಿಯಾ ಬಟರ್ ಹಾಕಬಹುದಾ ಅಂತ ಕೇಳುತ್ತೀರಿ. ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ನನಗೆ ಇದರ ಬಗ್ಗೆ ಸಿಟ್ಟಿದೆ. ಹಾಕಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ಶಿಯಾ ಬರುವುದು ಪಶ್ಚಿಮ ಆಫ್ರಿಕಾದಿಂದ, ಘಾನಾ, ಬುರ್ಕಿನಾ ಫಾಸೋ ಕಡೆಯಿಂದ. ಅಲ್ಲಿಯ ಹೆಂಗಸರು ಕಾಯಿ ಆರಿಸಿ, ಕುಟ್ಟಿ, ಕಡೆದು ತೆಗೆಯುವ ಕೊಬ್ಬು. ಅವರಿಗೆ ಅದು ಮನೆಯ ಪದಾರ್ಥ. ನಮಗೆ ಮನೆಯ ಪದಾರ್ಥ ಅಂದರೆ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ. ಸಿಪ್ಪೆಯನ್ನು ಸಾರಿಗೆ, ಶರಬತ್ತಿಗೆ ಅಂತ ಒಣಗಿಸಿಡುತ್ತೇವೆ. ಬೀಜ ಒಣಗಿಸಿ, ಸಿಪ್ಪೆ ತೆಗೆದು, ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ಉಂಡೆ ಕಟ್ಟಿಡುವುದು ಉತ್ತರ ಕನ್ನಡದ ಹಳೇ ಮನೆಗಳಲ್ಲಿ ಗೊತ್ತಿದ್ದ ಕೆಲಸ. ಹಿಮ್ಮಡಿ ಒಡೆದರೆ, ತುಟಿ ಬಿರಿದರೆ ಅದೇ ಔಷಧ. ಈಗ ಅದೇ ಕೊಬ್ಬು ಕೋಕಮ್ ಬಟರ್ ಅನ್ನುವ ಹೆಸರಿನಲ್ಲಿ ದೊಡ್ಡ ದೊಡ್ಡ ಕ್ರೀಮುಗಳ ಲೇಬಲ್ ಮೇಲೆ ಕೂತಿದೆ, ನಾವು ಶಿಯಾ ಹುಡುಕುತ್ತಿದ್ದೇವೆ.

ಮುರುಗಲ ತುಪ್ಪ ಕರಗಲು ಸುಮಾರು 40 ಡಿಗ್ರಿ ಬೇಕು, ಹಾಗಾಗಿ ಕೈಯಲ್ಲಿ ಹಿಡಿದರೆ ಗಟ್ಟಿಯಾಗೇ ಇರುತ್ತದೆ. ಇದರ ಕೊಬ್ಬಿನ ಜಾತಿಯೇ ಹಾಗೆ, ಬೇಗ ಕಮಟಾಗುವುದೂ ಇಲ್ಲ. ಹಣ್ಣು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಹೊಸ ತುಪ್ಪ ಬೇಕಿದ್ದರೆ ಮಳೆಗಾಲ ಶುರುವಾಗುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ನೆಂಟರನ್ನು ವಿಚಾರಿಸಿ. ಮನೆಯಲ್ಲಿ ತೆಗೆದ ಉಂಡೆಯಾದರೆ ಒಳಗೆ ನೀರಿನ ಪಸೆ ಉಳಿದಿರಬಹುದು. ಮುಲಾಮಿಗೆ ಹಾಕುವ ಮೊದಲು ಸಣ್ಣ ಉರಿಯಲ್ಲಿ ಒಮ್ಮೆ ಕರಗಿಸಿ, ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳಿ.